ಹಿರೋಳ್ಳಿ ಗಿರಣಿಯಲ್ಲಿ ಮಾತಿನ ಪಾಠ

ಕರೆಂಟು ಹೋದರೆ ಹಿರೋಳ್ಳಿಯ ಹಿಟ್ಟಿನ ಗಿರಣಿ ಒಮ್ಮೆಲೇ ನಿದ್ದೆಹೋದಂತಾಗುತ್ತಿತ್ತು. ಮೇಲಿನ ಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಜೋಳದ ಹಿಟ್ಟಿನ ಧೂಳು ಏಳುತ್ತ ಇಳಿಯುತ್ತ ತೇಲುತ್ತಿತ್ತು. ಅದನ್ನು ನೋಡುತ್ತ ಕೂತರೆ ಮಲ್ಲಣ್ಣನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಇಪ್ಪತ್ತು ತುಂಬಿದ ಹುಡುಗ. ಗಿರಣಿ ಎಷ್ಟು ಗದ್ದಲ ಮಾಡಿದರೂ ಅವನಿಗೆ ಹಿತ. ನಾಲ್ಕು ಮಂದಿ ಒಟ್ಟಿಗೆ ಮಾತಾಡಿದರೆ ಮಾತ್ರ ತಲೆಯ ಮೇಲೆ ಯಾರೋ ಚೀಲಗಟ್ಟಲೆ ಕಾಳು ಸುರಿದಂತೆ, ಯಾವುದನ್ನು ಹಿಡಿಯಬೇಕೋ ಗೊತ್ತಾಗುತ್ತಿರಲಿಲ್ಲ. ಆಗ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಊರವರು ಹುಚ್ಚನೆಂದರು. ಸೊಲ್ಲಾಪುರದ ಡಾಕ್ಟರೊಬ್ಬರು, ಇದು ಹುಚ್ಚಲ್ಲ, ಇವನ ಮನಸ್ಸಿನ ಬಗೆಯೇ ಬೇರೆ, ಮಂದಿಯೊಳಗೆ ಬೆರೆಯುವುದನ್ನು ಅಕ್ಷರ ಕಲಿಸಿದ ಹಾಗೆ ಕಲಿಸಬೇಕು ಎಂದಿದ್ದರು. ಗಿರಣಿ ನಡೆಸುವ ಅಣ್ಣ ಚಂದ್ರಾಮಪ್ಪ ಅದನ್ನು ಕೇಳಿ ಮರೆತುಬಿಟ್ಟ. ಮರೆಯದವಳು ಅಣ್ಣನ ಹೆಂಡತಿ, ಮಲ್ಲಣ್ಣನ ವೈನಿ ಶಿವಕಾಂತಾ.

ಕರೆಂಟು ಇಲ್ಲದ ಮಧ್ಯಾಹ್ನಗಳಲ್ಲಿ ಅವಳು ಖಾಲಿ ಬುಟ್ಟಿ ಹೊತ್ತು ಗಿರಣಿಯ ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಈಗ ನಾ ನಿನ್ನ ವೈನಿ ಅಲ್ಲ, ಗಿರಾಕಿ. ಏನಂತೀ?"

"ಶರಣ್ರಿ. ಬರ್ರಿ, ಕುಂದರ್ರಿ."

"ನೆಲಾ ನೋಡ್ಕೋತ ಅಂದ್ರ ನೆಲಾ ಕುಂದರ್ತದೇನು? ನನ್ನ ಕಡೆ ನೋಡು."

"ಕಣ್ಣಾಗ ನೋಡಿದ್ರ ಮಾತು ಮರೀತೇನಿ, ವೈನಿ."

"ಹಂಗಾದ್ರ ಹಣಿ ನೋಡು. ಆಮ್ಯಾಲ ಮನೀ ಮಂದಿನ್ನ ಕೇಳ್ಬೇಕು. ಜರಾ ನಗಬೇಕು."

ಹೀಗೆ ಅವಳು ಸಿಟ್ಟಿನ ಗಿರಾಕಿಯಾದಳು, ಅವಸರದ ಗಿರಾಕಿಯಾದಳು, ಕಿವುಡ ಮುದುಕಿಯೂ ಆದಳು. ಮಲ್ಲಣ್ಣ ಮಾತುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ. ದೀಪಾವಳಿ ಹೊತ್ತಿಗೆ, ಅಣ್ಣ ಸವೆದ ಬೀಸುವ ಕಲ್ಲಿಗೆ ಉಳಿಯಿಂದ ಟಾಕಿ ಹಾಕುತ್ತಿದ್ದರೆ, ಬಾಗಿಲಲ್ಲಿ ನಿಂತು ಬುಟ್ಟಿ ಇಳಿಸಿಕೊಳ್ಳುವಷ್ಟು ಧೈರ್ಯ ಬಂದಿತ್ತು.

ಒಂದು ಮುಂಜಾನೆ ಗೋದಿಯ ಬುಟ್ಟಿ ಹೊತ್ತು ರುಕ್ಮಿಣಿಬಾಯಿ ಬಂದಳು. ಅವರದೇ ಓಣಿಯವಳು, ಮಲ್ಲಣ್ಣ ಚಿಕ್ಕಮ್ಮನಂತೆ ಕಾಕು ಎನ್ನುತ್ತಿದ್ದವಳು. ಗಿರಣಿಯಲ್ಲಿದ್ದ ಹೆಂಗಸರು ಅವಳನ್ನು ಕಂಡು ಸುಮ್ಮನಾದರು. ಮಲ್ಲಣ್ಣ ಅವಳ ಹಣೆ ನೋಡಿದ, ಕಲಿತಷ್ಟೇ ನಕ್ಕ.

"ಶರಣ್ರಿ ಕಾಕು, ಬರ್ರಿ. ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ? ಲೀಲಾ ಊರಿಂದ ಬಂದಾಳೇನ್ರಿ?"

ರುಕ್ಮಿಣಿಬಾಯಿ ಬುಟ್ಟಿಯ ಪಕ್ಕದಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ಖಜೂರಿ ಊರಿಗೆ ಮದುವೆ ಮಾಡಿಕೊಟ್ಟಿದ್ದ ಅವಳ ಮಗಳು ಲೀಲಾ ಕಾಮಾಲೆಯಾಗಿ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಮಲ್ಲಣ್ಣನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ಹೇಳಿ ಏನಾಗಬೇಕು ಎಂದುಕೊಂಡಿದ್ದರು.

"ಸತ್ತ ಹುಡುಗೀನ್ನ ಊರಿಂದ ಬಂದಾಳೇನಂತ ಕೇಳ್ತೀ? ಇಷ್ಟು ಕಲಿಸಿ ಇದಾ ಏನು?" ಎಂದು ಚಂದ್ರಾಮಪ್ಪ ಗದರಿದ. ಮಲ್ಲಣ್ಣ ಕಿವಿ ಮುಚ್ಚಿಕೊಂಡು ಓಡಿದ.

ಊರ ಹೊರಗಿನ ಕಣದಲ್ಲಿ, ಜೋಳದ ಕಣಿಕೆಯ ಬಣವೆಯ ಮೇಲೆ ಅಂಗಾತ ಮಲಗಿದ್ದ ಅವನನ್ನು ಶಿವಕಾಂತಾ ಸಂಜೆ ಹುಡುಕಿಕೊಂಡು ಬಂದಳು. ಮೇಲೆ ಬಿಳಿ ಮೋಡಗಳು ಒಂದರೊಳಗೊಂದು ಕರಗುತ್ತ ಮಹಾರಾಷ್ಟ್ರದ ಕಡೆ ಹೊರಟಿದ್ದವು.

"ಲೀಲಾ ಸತ್ತಾಳಂತ ನನಗ್ಯಾಕ ಹೇಳ್ಲಿಲ್ಲ?" ಎಂದ, ಮೋಡದ ಮೇಲಿಂದ ಕಣ್ಣು ತೆಗೆಯದೆ.

ಶಿವಕಾಂತಾ ಬಣವೆಯ ಬುಡದಲ್ಲಿ ಕೂತಳು. "ತಪ್ಪಾತು, ಮಲ್ಲಣ್ಣ" ಎಂದಳು.

"ಕಾಕುಗ ಈಗ ಏನಂತ ಹೇಳ್ಬೇಕು?"

"ನನಗೂ ಗೊತ್ತಿಲ್ಲಪಾ."

ವೈನಿಗೂ ಗೊತ್ತಿಲ್ಲದ ಮಾತು ಒಂದಿದೆ ಎಂದು ಅವನಿಗೆ ತಿಳಿದದ್ದು ಅಂದೇ. ವಿಚಿತ್ರವೆಂದರೆ, ಅದರಿಂದ ಎದೆ ಹಗುರವಾಯಿತು.

ಮರುದಿನ ಅವನು ತಾನಾಗಿಯೇ ರುಕ್ಮಿಣಿಬಾಯಿಯ ಮನೆಗೆ ಹೋದ. ಅವಳು ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಮಲ್ಲಣ್ಣ ಶರಣು ಎನ್ನಲಿಲ್ಲ, ನಗಲಿಲ್ಲ. ಅವಳ ಎದುರಿಗಲ್ಲ, ಪಕ್ಕದಲ್ಲಿ ಕೂತು ಹರಳು ಆರಿಸತೊಡಗಿದ. ಕಾಳು ಮೊರದಲ್ಲಿ ಸರಸರ ಜಾರುವ ಸದ್ದು ಬಿಟ್ಟರೆ ಮತ್ತೇನಿಲ್ಲ. ಆ ಸದ್ದಿನೊಳಗೆ ತೇಲಿಕೊಂಡು ಬಂದಂತೆ ಅವನ ಮಾತು ಬಂತು.

"ಲೀಲಾ ಗಿರಣಿಗೆ ಬರ್ತಿದ್ಲು. ಹಸಿರು ಲಂಗಾ. ಬಿಸಲಾಗ ಹಿಟ್ಟು ಹಾರೂದು ನೋಡಿ, ಮಲ್ಲೂ, ಇದು ಧೂಳಲ್ಲೋ, ಹಗಲಾಗ ದಾರಿ ತಪ್ಪಿದ ಮುಗಿಲಿನ ಚಿಕ್ಕಿ ಅದಾವ ಅಂದ್ಲು. ಅಂಗೈ ಚಾಚಿದ್ಲು. ಒಂದೂ ಸಿಗಲಿಲ್ಲ. ನಕ್ಕಳು."

ರುಕ್ಮಿಣಿಬಾಯಿಯ ಕೈ ನಿಂತಿತು. ಬಂದವರೆಲ್ಲ ಸಮಾಧಾನ ಮಾಡ್ಕೋ ಎಂದಿದ್ದರು. ಮಗಳ ಹೆಸರನ್ನು ಯಾರೂ ಎತ್ತಿರಲಿಲ್ಲ.

"ಇನ್ನೊಮ್ಮೆ ಹೇಳು, ಯಪ್ಪಾ."

ಅವನು ಹೇಳಿದ, ಒಂದಕ್ಷರ ಹೆಚ್ಚುಕಡಿಮೆಯಾಗದಂತೆ. ಹೇಳಿದ್ದನ್ನೇ ಹೇಳುತ್ತಾನೆಂದು ಮನೆಯಲ್ಲಿ ಬೈಸಿಕೊಳ್ಳುವವನು ಅಂದು ಅದನ್ನೇ ಮತ್ತೆ ಮತ್ತೆ ಹೇಳಿದ. ಕೇಳುತ್ತ ಕೇಳುತ್ತ ಅವಳ ಅಳು ಯಾವಾಗ ನಗೆಗೆ ತಿರುಗಿತೋ, ನಗೆ ಯಾವಾಗ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ. ಹಸಿರು ಲಂಗದ ಹುಡುಗಿ ಅಂಗಳದಲ್ಲಿ ಸುಳಿದು ಹೋದಂತಾಯಿತು.

ಅಂದಿನಿಂದ ಶಿವಕಾಂತಾಳ ಪಾಠದ ರೀತಿ ಬದಲಾಯಿತು. ಊರಲ್ಲಿ ಯಾರಿಗೆ ಏನಾಗಿದೆ ಎಂಬುದನ್ನು ಅವಳು ಮೊದಲು ಮಲ್ಲಣ್ಣನಿಗೆ ಹೇಳುತ್ತಿದ್ದಳು. ಬಾಯಿಪಾಠ ಬಿಟ್ಟು, "ನಿನಗ ಏನ ಕೇಳ್ಬೇಕನಿಸ್ತದ?" ಎನ್ನುತ್ತಿದ್ದಳು. ಗಿರಣಿಯ ಹೆಂಗಸರಿಗೂ, "ಒಬ್ಬೊಬ್ಬರ ಮಾತಾಡ್ರೆವಾ, ಅವಗ ಕೇಳ್ಸಬೇಕಲ್ಲ" ಎಂದು ಕಲಿಸಿದಳು. ಅವರಿಗೆ ಕಲಿಸುವುದೇ ಹೆಚ್ಚು ಕಷ್ಟವಾಯಿತು.

ಸಂಕ್ರಾಂತಿಗೆ ಮುಂಚೆ ರುಕ್ಮಿಣಿಬಾಯಿ ಆಳಂದ ಬಜಾರಕ್ಕೆ ಹೊರಟವಳು, "ಮಲ್ಲು, ನನ್ನ ಜೋಡಿ ಬರ್ತಿಯೇನು?" ಎಂದಳು. ಅವನು ಅಷ್ಟು ಮಂದಿಯ ನಡುವೆ ಎಂದೂ ಹೋದವನಲ್ಲ, ಆದರೂ ಹೊರಟ. ಬಸ್ಸಿನಲ್ಲಿ ಕಂಡಕ್ಟರ್ ಶರಫುದ್ದೀನ ಹತ್ತಿರ ಬಂದಾಗ ಮಲ್ಲಣ್ಣ ಕಿಟಕಿಯತ್ತ ತಿರುಗಿಯೇ, "ಎರಡು ಆಳಂದ ಕೊಡ್ರಿ" ಎಂದ. ಶರಫುದ್ದೀನ ಎರಡು ಚೀಟಿ ಹರಿದು ಕೊಟ್ಟು ಮುಂದಕ್ಕೆ ಹೋದ, ಅಷ್ಟೇ. ಮುಖ ಯಾಕೆ ನೋಡಲಿಲ್ಲ ಎಂದು ಯಾರೂ ಕೇಳಲಿಲ್ಲ.

ಬಜಾರದ ಗದ್ದಲದಲ್ಲಿ ಎರಡು ಸಲ ಕಿವಿ ಮುಚ್ಚಿಕೊಂಡ. ರುಕ್ಮಿಣಿಬಾಯಿ ಎರಡು ಸಲವೂ ಪಕ್ಕದಲ್ಲಿ ನಿಂತು ಕಾದಳು. ಎಳ್ಳು ಬೆಲ್ಲ ಕೊಂಡರು. ವೈನಿಗೆಂದು ಅವನೇ ಆರಿಸಿ ಬಳೆ ತೆಗೆದುಕೊಂಡ.

ವಾಪಸು ಬರುವಾಗ ಸಂಜೆಯ ಬಿಸಿಲಿನಲ್ಲಿ ಕುಸುಬೆಯ ಹೊಲಗಳು ಹಳದಿ ನೀರಿನಂತೆ ಹರಿಯುತ್ತಿದ್ದವು. ರುಕ್ಮಿಣಿಬಾಯಿ ಬಜಾರದ ಸುದ್ದಿ, ಬಳೆಗಾರನ ಸುದ್ದಿ ಹೇಳುತ್ತಲೇ ಇದ್ದಳು. ಮಲ್ಲಣ್ಣನಿಗೆ ದಿನದ ಸದ್ದೆಲ್ಲ ತಲೆಯೊಳಗೆ ತುಂಬಿ ಬಂದಂತಾಗಿತ್ತು. ಮೊದಲಾಗಿದ್ದರೆ ಎದ್ದು ಓಡುತ್ತಿದ್ದ. ಇಂದು ಯಾರೂ ಕಲಿಸಿರದ ಮಾತೊಂದನ್ನು ಹುಡುಕಿ ತೆಗೆದ.

"ಕಾಕು, ಇವತ್ತಿಗೆ ಮಾತು ಸಾಕ್ರಿ. ಸಿಟ್ಟಿಲ್ಲ. ನಾಳೆ ಕೇಳ್ತೇನಿ."

"ಆತು ತಗೋ, ಯಪ್ಪಾ" ಎಂದು ಅವಳು ಸೆರಗು ಹೊದ್ದು ಕಣ್ಣು ಮುಚ್ಚಿದಳು. ಬಸ್ಸು ತೂಗುತ್ತ ಹಿರೋಳ್ಳಿಯತ್ತ ನಡೆದಿತ್ತು. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಜೊಂಪು ಹತ್ತಿತು.