ಕೂದಲು ಕೊಂಕದ ಆಪರೇಷನ್

ಅತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದಾಗ ನಾದಿನಿ ಅವಳನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ತಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬೋಳಿಸಿರಲಿಲ್ಲ, ಹೊಲಿಗೆ ಹಾಕಿರಲಿಲ್ಲ.

“ಮಿದುಳಿಗೇ ಕೈ ಹಾಕಿದ್ರು ಅಂದ್ರು, ಒಂದು ಕೂದಲೂ ಕೊಂಕಿಲ್ವಲ್ಲ ಅತ್ತಿಗೆ!”

“ಕೈ ಹಾಕಿದ್ದು ತೊಡೆಸಂದಿಗೆ ಕಣೇ,” ಎಂದು ಅತ್ತಿಗೆ ನಕ್ಕಳು.

ತಲೆನೋವೆಂದು ತೆಗೆಸಿದ ಸ್ಕ್ಯಾನಿನಲ್ಲಿ ಮಿದುಳಿನ ರಕ್ತನಾಳವೊಂದು ಪುಟ್ಟ ಬಲೂನಿನಂತೆ ಉಬ್ಬಿರುವುದು ಕಂಡಿತ್ತು. ಒಡೆದರೆ ಪ್ರಾಣಕ್ಕೇ ಸಂಚಕಾರ. ಡಾಕ್ಟರು ತೊಡೆಸಂದಿಯ ನಾಳದಲ್ಲಿ ಸಪೂರ ಕೊಳವೆ ತೂರಿಸಿ, ತಲೆಯವರೆಗೂ ನಡೆಸಿ, ಆ ಉಬ್ಬಿನೊಳಗೆ ಪ್ಲಾಟಿನಂ ಎಳೆಯನ್ನು ಸುರುಳಿ ಸುತ್ತಿ ತುಂಬಿದ್ದರು.

ಇಬ್ಬರೂ ಸೇರಿ ಹೆಂಗಸರ ಪಾರ್ಲರ್ ನಡೆಸುತ್ತಿದ್ದರು. ಕತ್ತರಿ ಅತ್ತಿಗೆಯದು, ಬಾಯಿ ನಾದಿನಿಯದು ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಡಾಕ್ಟರು ಸರಿಯೆಂದ ಮೇಲೆ ಅತ್ತಿಗೆ ಮತ್ತೆ ಕತ್ತರಿ ಹಿಡಿದಳು. ಆದರೆ ಲೋಕ ಯಾಕೋ ನೀರಿನಡಿಗೆ ಇಳಿದಂತಿತ್ತು. ಗಿರಾಕಿಗಳ ಮಾತು ಎಲ್ಲೋ ದೂರದ ದಡದಿಂದ ತೇಲಿಬರುತ್ತಿತ್ತು. ಕನ್ನಡಿಯಲ್ಲಿ ಕಾಣುವವರೇ ನಿಜ, ಎದುರು ಕೂತವರು ಅವರ ನೆರಳು ಎನಿಸುತ್ತಿತ್ತು. ಡ್ರೈಯರಿನ ಗುಂಯ್‌ಗುಡುವಿಕೆಗೆ ರೆಪ್ಪೆಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು.

“ಎಷ್ಟು ಲಕಲಕ ಅಂತಿದೀರಾ!” ಎಂದು ಬಂದವರೆಲ್ಲ ಹೇಳುವಾಗ, ಸುಸ್ತು ಎನ್ನಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ತಾನೇ ಮೈಗಳ್ಳಿಯಾದೆನೇನೋ ಎಂದುಕೊಂಡಳು.

ಒಂದು ಮಧ್ಯಾಹ್ನ ಶಾಲೆಯ ಟೀಚರ್ ಬಂದು ಕೂತರು. ಅತ್ತಿಗೆ ಎಡಗಡೆ ಕತ್ತರಿಸಿ ಮುಗಿಸಿದಳು. ಕೂದಲು ಬೀಳುವುದನ್ನೇ ನೋಡಿದಳು. ಅದು ಬೀಳುತ್ತಲೇ ಇತ್ತು, ನೆಲ ಮುಟ್ಟುತ್ತಲೇ ಇರಲಿಲ್ಲ. ಆಮೇಲೆ ಅವಳು ಮೆಲ್ಲಗೆ ಗೋಡೆಗೊರಗಿ ಕೂತು, ಕತ್ತರಿ ಹಿಡಿದೇ ನಿದ್ದೆಹೋದಳು.

ಉಬ್ಬು ಒಡೆಯಿತೇನೋ ಎಂದು ನಾದಿನಿ ಓಡಿಬಂದಳು. ಭುಜ ಅಲುಗಿಸಿದಳು. ಅತ್ತಿಗೆ ಕಣ್ಣುಬಿಟ್ಟು, “ನಿದ್ದೆ ಕಣೇ, ಬರೀ ನಿದ್ದೆ,” ಎಂದಳು. ಮಾತು ತೊದಲಿರಲಿಲ್ಲ, ಬಾಯಿ ಸೊಟ್ಟಗಾಗಿರಲಿಲ್ಲ. ಟೀಚರ್ ಅರ್ಧ ಗಿಡ್ಡ, ಅರ್ಧ ಉದ್ದ ಕೂದಲಿನಲ್ಲೇ ಎದ್ದು ಡ್ರೈಯರ್ ಆರಿಸಿದರು.

“ಮಲಗ್ಲಿ ಬಿಡಮ್ಮ. ಉಳಿದಿದ್ದು ನಾಳೆ ಕತ್ತರಿಸಿದ್ರಾಯ್ತು. ನನ್ನ ಕ್ಲಾಸಿನ ಮಕ್ಕಳಿಗೆ ನಾಳೆ ನಗೋಕೊಂದು ನೆಪ.”

ತಲೆಗೆ ವಸ್ತ್ರ ಸುತ್ತಿಕೊಂಡು ಅವರು ಹೊರಟರು. ನಾದಿನಿ ಪಕ್ಕದಲ್ಲಿ ಕುಕ್ಕರಿಸಿದಳು.

“ಇಷ್ಟು ಸುಸ್ತು ಅಂತ ನನಗಾದ್ರೂ ಹೇಳ್ಬಾರದಾಗಿತ್ತಾ?”

“ಏನಂತ ಹೇಳ್ಲಿ? ತೋರಿಸೋಕೆ ಒಂದು ಗಾಯಾನಾದ್ರೂ ಬೇಡ್ವಾ?”

ನಾದಿನಿ ಅವಳ ಕೈಯಿಂದ ಕತ್ತರಿ ಬಿಡಿಸಿ ಪಕ್ಕಕ್ಕಿಟ್ಟಳು.

ತಿಂಗಳುಗಳ ನಂತರದ ತಪಾಸಣೆಗೆ ಅವಳೇ ಜೊತೆಗೆ ಹೋದಳು. ಈ ಸಲ ಕೊಳವೆ ಮಣಿಕಟ್ಟಿನಿಂದ ಹೊಕ್ಕಿತು. ಅತ್ತಿಗೆ ಎಚ್ಚರವಾಗಿಯೇ ಇದ್ದಳು. ಬಣ್ಣದ ಔಷಧ ಹರಿದಾಗ ತಲೆಯೊಳಗೆ ಬೆಚ್ಚನೆಯ ಅಲೆಯೆದ್ದು, ಮುಚ್ಚಿದ ಕಣ್ಣಿನ ಹಿಂದೆ ಮಿಂಚು ಹರಡಿತು. ಪರದೆಯ ಮೇಲೆ ಅವಳದೇ ರಕ್ತನಾಳಗಳು ಎಲೆಯುದುರಿದ ಮರದಂತೆ ಮೂಡಿ, ಮಾಯವಾದವು.

“ಉಬ್ಬು ಮುಚ್ಚಿಕೊಂಡಿದೆ,” ಎಂದರು ಡಾಕ್ಟರು. “ಬುಡದಲ್ಲಿ ಚೂರು ತೆರೆದಿದೆ. ಈಗ ಭಯಪಡೋ ಹಾಗಿಲ್ಲ, ಆದ್ರೆ ಮುಂದಿನ ವರ್ಷ ಮತ್ತೆ ನೋಡೋಣ.”

“ಮತ್ತೆ ಅತ್ತಿಗೆಗಿರೋ ಈ ಸುಸ್ತು?” ನಾದಿನಿಯೇ ಕೇಳಿದಳು.

“ಅದು ಸುಳ್ಳಲ್ಲ. ಹೊರಗೆ ಗಾಯ ಕಾಣದಿದ್ರೂ ಕೆಲವರಿಗೆ ತಿಂಗಳುಗಟ್ಟಲೆ ಇರತ್ತೆ. ನಿಧಾನವಾಗಿ ಇಳಿಯತ್ತೆ.”

ಅತ್ತಿಗೆಯ ಕಣ್ಣು ತುಂಬಿಬಂತು. ಉಬ್ಬು ಮುಚ್ಚಿತೆಂಬುದಕ್ಕಿಂತ, ಸುಳ್ಳಲ್ಲ ಎಂಬ ಮಾತಿಗೆ.

ಹೊರಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಂಜೆಬಿಸಿಲು ಹಾಸಿತ್ತು. ಅತ್ತಿಗೆ ನಾದಿನಿಯ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಬಸ್ಸು ಬಂತು, ಬಾಗಿಲು ತೆರೆಯಿತು. ಡ್ರೈವರ್ ಇವರತ್ತ ನೋಡಿದ.

“ನೀವು ಹೋಗಿ,” ಎಂದು ನಾದಿನಿ ಪಿಸುದನಿಯಲ್ಲಿ ಹೇಳಿ ಕೈಬೀಸಿದಳು. “ಮುಂದಿನದಕ್ಕೆ ಬರ್ತೀವಿ.”