ಗ್ಬಾಡೋರಾ ಅವರ ಉಣ್ಣೆಯ ಕೋಟು

ನಮ್ಮ ರಾಜಧಾನಿ ಬಾಂಗಿಯ ಬಿಸಿಲು ಸೋತದ್ದು ಒಬ್ಬರಿಗೆ ಮಾತ್ರ. ಅವರ ಹೆಸರು ಬಾರ್ನಬೆ ಗ್ಬಾಡೋರಾ. ಮಾರ್ಚಿ ತಿಂಗಳ ನಡುಹಗಲು, ತಗಡಿನ ಮಾಡುಗಳು ಸಿಡಿಯುವ ಹೊತ್ತಿನಲ್ಲಿ, ಮೊಣಕಾಲಿನ ಕೆಳಗೂ ಇಳಿಯುವ ಬೂದುಬಣ್ಣದ ಉಣ್ಣೆಯ ಕೋಟಿಗೆ ಕೊನೆಯ ಗುಂಡಿಯನ್ನೂ ಹಾಕಿಕೊಂಡು, ಹಿಮದ ಮೇಲೆ ಜಾರಬಾರದೆಂಬಂತೆ ಪಾದಗಳನ್ನು ಚಪ್ಪಟೆಯಾಗಿ ಊರುತ್ತ, ಗಲಭೆಯಲ್ಲಿ ಲೂಟಿಕೋರರು ಬಾಗಿಲುಗಳನ್ನೂ ಬಿಡದ ನಮ್ಮ ಕೇರಿಯನ್ನು ಅವರು ದಾಟುವಾಗ, ನೆರಳಿನಲ್ಲಿ ಮಲಗಿದ ನಾಯಿಗಳು ಕೂಡ ಗೌರವದಿಂದ ಎದ್ದು ನಿಲ್ಲುತ್ತಿದ್ದವು.

ಯೌವನದಲ್ಲಿ ರಷ್ಯಕ್ಕೆ ಹೋಗಿ ಬೇಸಾಯಶಾಸ್ತ್ರ ಓದಿ ಬಂದಾಗ ತಂದ ಕೋಟು ಅದು. ನಮ್ಮ ಸರ್ಕಾರವನ್ನು ಬಂಡುಕೋರರಿಂದ ಕಾಯಲು ರಷ್ಯದ ಸೈನಿಕರು ಬಂದಿಳಿದ ಮೇಲೆ ಅದರ ಕೀರ್ತಿ ಮುಗಿಲು ಮುಟ್ಟಿತು. ಅದಕ್ಕೆ ಗುಂಡು ತಾಗದು ಎಂದರು ಕೆಲವರು. ಒಳಜೇಬಿನಲ್ಲಿ ಎರಡು ಸರ್ಕಾರಗಳ ಗುಪ್ತ ಒಪ್ಪಂದವಿದೆ ಎಂದೆ ನಾನು, ಒಬ್ಬರೂ ಅನುಮಾನಿಸಲಿಲ್ಲ.

ಅದೇ ಸೈನಿಕರು ಒಂದು ದಿನ ನಮ್ಮ ದೋಣಿಕಟ್ಟೆಗೆ ಮುಳ್ಳುತಂತಿ ಎಳೆದರು. ಆಚೆ ದಡದ ಮರಗೆಣಸು ಬರಲಿಲ್ಲ. ಮೂರನೆಯ ದಿನಕ್ಕೆ ಒಲೆಗಳು ತಣ್ಣಗಾದವು. ಮೀನು ಮಾರುವ ಸೊಲಾಂಜ್ ನೇರ ಬಂದು ಕೋಟಿನ ತೋಳನ್ನೇ ಹಿಡಿದಳು.

"ಬಾಬಾ, ಅವ್ರು ನಿಮ್ಮ ಬೀಗರು ತಾನೇ? ಹೋಗಿ ಹೇಳಿ. ಮಕ್ಕಳಿಗೆ ಆ ತಂತೀನೇ ಬೇಯಿಸಿ ಹಾಕ್ಲಾ?"

"ಹೋಗ್ತೀನಮ್ಮ, ತೋಳು ಬಿಡು. ಹೊಲಿಗೆ ಹಳೇದು."

ಹೋದರು. ನಾವು ಮಾವಿನಮರದ ಹಿಂದೆ ಅವಿತು, ಮಹಾ ಧೈರ್ಯದಿಂದ ನೋಡಿದೆವು. ಕಾವಲಿನವನು ಬಂದೂಕು ಎತ್ತಿದ, ಇವರು ಅವನ ಭಾಷೆಯಲ್ಲಿ ಏನೋ ಅಂದರು, ಬಂದೂಕು ಇಳಿಯಿತು. ಡೇರೆಯೊಳಗೆ ಹೋದವರು ಎರಡು ತಾಸಿನ ಮೇಲೆ ಹೊರಬಂದಾಗ ಮೈಮೇಲೆ ಬರೀ ಅಂಗಿ. ಅಷ್ಟು ದೊಡ್ಡ ಕೋಟಿನೊಳಗೆ ಇದ್ದದ್ದು ಇಷ್ಟೇ ಇಷ್ಟು ಮನುಷ್ಯ! ಹಿಂದೆಯೇ ಇಬ್ಬರು ಸೈನಿಕರು ಬಂದು ತಂತಿ ಕತ್ತರಿಸತೊಡಗಿದರು.

ಸಂಜೆಯೊಳಗೆ, ಕೋಟನ್ನು ಕಂಡ ರಷ್ಯದ ನಾಯಕ ಎದ್ದು ಸೆಲ್ಯೂಟ್ ಹೊಡೆದನೆಂಬ ಕಥೆ ಕೇರಿಯನ್ನು ಸುತ್ತಿತ್ತು. ಅದಕ್ಕೆ ಇಬ್ಬರು ಸೇನಾಪತಿಗಳನ್ನು ಸೇರಿಸಿದವನು ನಾನೇ. ದೊಡ್ಡ ದೇಶದ ಸ್ನೇಹವನ್ನು ಮೈಮೇಲೆ ಹೊತ್ತವರು ಎಲ್ಲ ಕಡೆಯೂ ಇರುತ್ತಾರೆ: ನೋಡುವವರಿಗೆ ಅದರ ಠೀವಿ ಕಾಣುತ್ತದೆ, ಒಳಗಿನ ಬೆವರು ಕಾಣುವುದಿಲ್ಲ. ಈ ಘನವಾದ ವಿಚಾರವನ್ನು ಒಪ್ಪಿಸಲೆಂದೇ ಅವರ ಮನೆಗೆ ಹೋದೆ.

"ಸೆಲ್ಯೂಟೂ ಇಲ್ಲ, ಮಣ್ಣೂ ಇಲ್ಲ," ಎಂದರು. "ಅವ್ರ ನಾಯಕನಿಗೆ ಮಲೇರಿಯಾ ಕಣಯ್ಯ. ಗಡಗಡ ನಡುಗ್ತಿದ್ದ, ಕೋಟು ಹೊದಿಸಿ ಪಕ್ಕದಲ್ಲಿ ಕೂತೆ. ಬೆವರು ಬಂದು ಕಣ್ಣು ಬಿಟ್ಟ, ಏನು ಬೇಕು ಅಂದ. ಕಟ್ಟೆ ಬಿಡಪ್ಪ ಅಂದೆ."

"ಆದ್ರೂ ಬಾಬಾ, ಇಷ್ಟು ವರ್ಷ ಅಭಿಮಾನದಿಂದ ತೊಟ್ಟ ಕೋಟು..."

"ಎಂಥ ಅಭಿಮಾನ? ಮನೆಗೆ ಬಾಗಿಲಿಲ್ಲ. ಬಿಟ್ಟುಹೋದ್ರೆ ಕದೀತಾರೆ ಅಂತ ಹಾಕ್ಕೊಂಡು ತಿರುಗ್ತಿದ್ದೆ."