ಉಲ್ಟಾ ಸ್ವೆಟರ್

ಗಾಜಿನಾಚೆ ಕರಿ ಕೋಟು, ಅದರ ಹೆಗಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ, ಅಷ್ಟೇ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗಿಬಿಡುವಂಥದ್ದು — ಧನುಶ್ರೀ ಅದನ್ನೇ ನೋಡುತ್ತ ನಿಂತಿದ್ದಾಳೆ, ತಳ್ಳುಗಾಡಿಯಲ್ಲಿ ನಾಲ್ಕು ತಿಂಗಳ ಮಗಳು ಪ್ರಕೃತಿಗೆ ನಿದ್ದೆ, ಪಕ್ಕದಲ್ಲಿ ಗಂಡ ನಂದೀಶ, ಭಾನುವಾರಾನೂ ಮನೇಲಿ ಗೋಡೆ ನೋಡ್ಕೊಂಡು ಕೂರ್ತೀಯಾ, ಬಾ ಎಂದು ಐರ್ಲೆಂಡಿನ ಕೋವ್ ಬಂದರಿನ ಈ ಮ್ಯೂಸಿಯಮ್ಮಿಗೆ ಎಳೆದು ತಂದವನು ಅವನೇ. ಗೈಡ್ ಹೆಂಗಸು ಹೇಳುತ್ತಿದ್ದಾಳೆ, ಇಲ್ಲಿಂದ ಹಡಗು ಹತ್ತಿದವರು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಇಳಿದು ಮೆಟ್ಟಿಲು ಹತ್ತುವಾಗ ಡಾಕ್ಟರುಗಳು ನೋಡುತ್ತ ನಿಂತಿರುತ್ತಿದ್ದರು, ಏದುಸಿರು ಬಂದರೆ ಒಂದು ಅಕ್ಷರ, ಕಣ್ಣು ಕೆಂಪಗಿದ್ದರೆ ಇನ್ನೊಂದು, ಗುರುತು ಬಿದ್ದವರು ಪಕ್ಕದ ಕೋಣೆಗೆ — ಪಕ್ಕದ ಕೋಣೆ, ಹೂಂ, ಅಮ್ಮನನ್ನೂ ಏರ್‌ಪೋರ್ಟಿನಲ್ಲಿ ಪಕ್ಕದ ಕೋಣೆಯಲ್ಲೇ ಕೂರಿಸಿದ್ದರು, ನಾಲ್ಕು ಗಂಟೆ, ಇವಳು ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಈಚೆ, ತಂತಾನೇ ತೆರೆದು ಮುಚ್ಚುವ ಬಾಗಿಲ ಮುಂದೆ, ಒಂದೇ ಒಂದು ಸಲ ಕಂಡಿದ್ದಳು ಅಮ್ಮ ಸಾವಿತ್ರಮ್ಮ, ಚಳಿಗೆ ಗಡಿಬಿಡಿಯಲ್ಲಿ ಮೆರೂನ್ ಸ್ವೆಟರನ್ನು ಉಲ್ಟಾ ಹಾಕಿಕೊಂಡಿದ್ದಳು, ಹೊಲಿಗೆಯೆಲ್ಲ ಹೊರಗೆ, ಕತ್ತಿನ ಹಿಂದೆ ಬಿಳಿ ಚೀಟಿ.

ಅಮ್ಮ ಪಾಪ ಹೇಳಿಕೊಟ್ಟಿದ್ದನ್ನೇ ಒಪ್ಪಿಸಿದ್ದಳು, ಅತ್ತೆ, ತ್ರೀ ಮಂತ್ಸ್, ಊರು ನೋಡೋಕೆ ಅಂತ ಅಷ್ಟೇ ಹೇಳಿ ಎಂದು ನಂದೀಶ ಹದಿನೈದು ದಿನ ಬಾಯಿಪಾಠ ಮಾಡಿಸಿದ್ದ, ಕೆಟ್ಟಿದ್ದು ಇವಳ ಬಾಯಿ. ಆಫೀಸರು ಇವಳ ಮೊಬೈಲಿಗೇ ಫೋನ್ ಮಾಡಿದ್ದ, ಎಷ್ಟು ಮೆತ್ತನೆ ದನಿ, ನಿಮ್ಮ ತಾಯಿ ಯಾಕೆ ಬಂದಿದ್ದಾರೆ, ಚೊಚ್ಚಲ ಬಸುರಿಯ ಜಂಬ ನೋಡಿ, ಬಾಣಂತನಕ್ಕೆ ಅಂದಳು, ಹಾಗಂದರೇನು ಅಂದ, ಹೇಳಿದ್ದೇ ಹೇಳಿದ್ದು, ಎಣ್ಣೆ ನೀರು, ಹೊಟ್ಟೆ ಕಟ್ಟೋದು, ಲೇಹ್ಯ, ಮಗೂಗೆ ಸಾಂಬ್ರಾಣಿ ಹೊಗೆ, ಎಲ್ಲಾ ಅಮ್ಮಾನೇ ಮಾಡೋದು ಸರ್, ಐದು ತಿಂಗಳು. ಐದಾ. ಹೌದು ಸರ್, ಕಮ್ಮಿ ಮಾಡಿದ್ರೆ ಸೊಂಟ ನಿಲ್ಲಲ್ಲ. ಥ್ಯಾಂಕ್ಯೂ ಎಂದು ಇಟ್ಟ. ಮೂರು ಅಂದವಳು ತಾಯಿ, ಐದು ಅಂದವಳು ಮಗಳು, ಸಂಜೆಯ ವಿಮಾನಕ್ಕೆ ಅಮ್ಮ ವಾಪಸ್, ಲೇಹ್ಯದ ಡಬ್ಬಿ ಸಮೇತ. ನಂದೀಶ ಆಗ ಕಾರು ನಿಲ್ಲಿಸಲು ಹೋಗಿದ್ದ, ಕೇಳಿಸಿಕೊಂಡವರು ಯಾರೂ ಇಲ್ಲ. ಅಳು ಬರಲಿಲ್ಲ, ಹೆರಿಗೆಯಲ್ಲೂ ಬರಲಿಲ್ಲ, ನರ್ಸು ಟೀ ಮತ್ತು ಟೋಸ್ಟ್ ತಂದಿಟ್ಟಳು, ಗ್ರ್ಯಾಂಡ್ ಅಂದಳು, ಇಲ್ಲಿಯವರಿಗೆ ಎಲ್ಲವೂ ಗ್ರ್ಯಾಂಡೇ, ಚೆನ್ನಾಗಿದೆ ಅಂತ, ಇವಳು ತಲೆಗೆ ಬಟ್ಟೆಯಿಲ್ಲದೆ, ಕಿವಿಗೆ ಹತ್ತಿಯಿಲ್ಲದೆ ತಣ್ಣಗಿನ ಟೋಸ್ಟ್ ತಿಂದಳು, ಆಮೇಲೆ ಎಲ್ಲವೂ ಅಷ್ಟೇ ತಣ್ಣಗೆ, ಮಗು ಅತ್ತರೆ ಎತ್ತಿಕೊಳ್ಳುತ್ತಾಳೆ, ಹಾಲು ಕೊಡುತ್ತಾಳೆ, ಇಳಿಸುತ್ತಾಳೆ.

ಕೆಲವರು ಜಾಣರು, ಗೈಡ್ ನಗುತ್ತ ಹೇಳುತ್ತಿದ್ದಾಳೆ, ಕೋಟನ್ನು ಒಳಹೊರಗು ಮಾಡಿ ಹಾಕಿಕೊಂಡು ಗುರುತು ಮುಚ್ಚಿ ದಾಟಿಬಿಟ್ಟರಂತೆ. ಎಲ್ಲರೂ ನಕ್ಕರು, ನಂದೀಶನೂ. ಧನುಶ್ರೀಯ ಜೇಬಿನಲ್ಲಿ ಫೋನು ಅದುರಿತು, ಅಮ್ಮ, ವೀಡಿಯೋ, ಮಗು ತೋರ್ಸೇ, ನೆತ್ತಿಗೆ ಎಣ್ಣೆ ಹಾಕಿದ್ಯಾ, ಯಾಕೆ ಇಷ್ಟು ಸೊರಗಿದೀಯ, ಇನ್ನೊಂದ್ಸಲ ವೀಸಾಗೆ ಹಾಕ್ಸು ಕಣೇ, ಪಕ್ಕದ್ಮನೆ ಪಾರ್ವತಿ ಮಗಳ ಹತ್ರ ಇಂಗ್ಲಿಷ್ ಹೇಳಿಸ್ಕೊತಿದೀನಿ, ಈ ಸಲ ಸರಿಯಾಗಿ ಹೇಳ್ತೀನಿ, ನನ್ನ ಹಾಳು ಇಂಗ್ಲಿಷಿಂದ ನಿನ್ನ ಬಾಣಂತನ ತಪ್ಪೋಯ್ತು — ಈಗ ಹೇಳು ಧನು, ಈಗಲಾದರೂ, ಅಮ್ಮ, ನೀನಲ್ಲ, ನಾನು, ಮೂರೇ ಪದ, ನಾಲಗೆಯ ಮೇಲೆ ಬಂದು ಕೂತಿವೆ, ಅಮ್ಮ ಕಾಯುತ್ತಿದ್ದಾಳೆ, ಗಾಜಿನಾಚೆ ಕೋಟು — ಅಮ್ಮ, ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಆಮೇಲೆ ಮಾಡ್ತೀನಿ, ಎಂದಳು, ಒತ್ತಿದಳು, ಅಮ್ಮನ ಮುಖ ಹೋಯಿತು, ಏರ್‌ಪೋರ್ಟಿನ ಆ ಬಾಗಿಲು ತೆರೆಯಿತು, ಮೆರೂನ್ ಸ್ವೆಟರು, ಹೊಲಿಗೆಯೆಲ್ಲ ಹೊರಗೆ, ಕತ್ತಿನ ಹಿಂದೆ ಬಿಳಿ ಚೀಟಿ, ಬಾಗಿಲು ಮುಚ್ಚಿತು, ತೆರೆಯಿತು, ಬಿಳಿ ಚೀಟಿ.